ಮೂರನೆಯ ಹಲಗೆಯ ಕಲ್ಲು

ಕುರಿಯ ಉಣ್ಣೆಯನ್ನು ತೊಳೆಯದೆ ಹೊಸೆಯಬೇಕು. ತೊಳೆದರೆ ಜಿಡ್ಡು ಹೋಗುತ್ತದೆ; ಜಿಡ್ಡು ಹೋದ ಉಣ್ಣೆ ನೀರು ಕುಡಿಯುತ್ತದೆ. ಬೊಂಬಾಯಿಯ ಬಂದರಿನಲ್ಲಿ ದೋಣಿಯ ಸಂದುಗಳಿಗೆ ಹತ್ತಿ ತುರುಕಿ ಮೇಲೆ ಡಾಂಬರು ಬಳಿಯುತ್ತಾರಂತೆ. ಜರ್ಮನಿ ಲಡಾಯಿ ಶುರುವಾದ ಮೇಲೆ ನಾರಾಯಣಖೇಡದಲ್ಲಿ ಡಾಂಬರು ಕಣ್ಣಿಗೆ ಕಾಣುತ್ತಿರಲಿಲ್ಲ. ಹಾಗಾಗಿ ಈಶಮ್ಮ ತನಗೆ ಗೊತ್ತಿದ್ದ ದಾರಿ ಹಿಡಿದಿದ್ದಳು. ಹೊಸೆದ ಉಣ್ಣೆಯನ್ನು ಜಹೀರಾಬಾದಿನ ಸಂತೆಯಿಂದ ತಂದ ಕುಸುಬಿ ಎಣ್ಣೆಯಲ್ಲಿ ಕಾಯಿಸಿ, ಸುಣ್ಣದ ಪುಡಿಯಲ್ಲಿ ಹೊರಳಿಸಿ, ಮೊಂಡು ಉಳಿ ಇಟ್ಟು ಸಂದಿಗೆ ಬಡಿದು ಕೂರಿಸುವುದು. ಮೂರು ವರ್ಷದಿಂದ ಆ ದೋಣಿಯ ಸಂದು ಹನಿ ನೀರು ಒಳಗೆ ಬಿಟ್ಟಿರಲಿಲ್ಲ.

ಮೊದಲೆಲ್ಲ ಈ ಕೆಲಸಕ್ಕೆ ಐದಾರು ಹೆಂಗಸರು ಸೇರುತ್ತಿದ್ದರು. ಒಬ್ಬಳು ಹೊಸೆದರೆ ಒಬ್ಬಳು ಎಣ್ಣೆ ಕಾಯಿಸುವಳು, ನಡುವೆ ಹಾಡು, ನಗೆ. ಈ ವರ್ಷ ದಂಡೆಯ ಮೇಲೆ ಬೋರಲು ಬಿದ್ದ ದೋಣಿಯ ಪಕ್ಕದಲ್ಲಿ ಈಶಮ್ಮ ಒಬ್ಬಳೇ ಕುಕ್ಕುರುಗಾಲಲ್ಲಿ ಕೂತಿದ್ದಳು.

ನೀರಿಗೆ ಬಂದ ಲಚ್ಚಮ್ಮ ಕೊಡ ಇಳಿಸಿ ನಿಂತಳು. ಅವಳ ಬಾಯಿಗೆ ಊರಿಗೆ ಊರೇ ಹೆದರುತ್ತಿತ್ತು.

"ಏನ ಈಶಮ್ಮಾ, ಬಾಣಂತಿಗಿ ತಿಕ್ಕಿದಂಗ ಎಣ್ಣಿ ತಿಕ್ಕಾಕತ್ತೀ ಅಲ್ಲ ಆ ಕಟಗಿಗಿ! ನಿನ್ನ ಗಂಡಗ ಹಿಂಗ ಒಂದಿನ ತಿಕ್ಕಿದ್ರ ಕುರಿ ಬಿಟ್ಟು ಮನ್ಯಾಗ ಬಿದ್ದಿರ್ತಿದ್ದ."

"ಆತು, ನೀ ನಿನ್ನ ಗಂಡಗ ತಿಕ್ಕು ಹೋಗು. ನೀರು ತುಂಬ್ಕೊ."

"ತುಂಬ್ಕೋತೀನಿ." ಲಚ್ಚಮ್ಮ ಕೊಡ ಮುಳುಗಿಸಿದವಳು ಎತ್ತಲಿಲ್ಲ. ದನಿ ಇಳಿಸಿ ಕೇಳಿದಳು, "ಸಾಯಮ್ಮ ನೋಡಿದ್ರ ಏನನ್ಕೊಂಡಾಳು? ಒಂದೇ ಮನ್ಯಾಗ ಇರೋರು ನೀವು. ಮಗಳನ್ನ ತಿಂದ ದೋಣಿಗಿ ನೀ ಎಣ್ಣಿ ಕುಡಸ್ತಿ."

ಈಶಮ್ಮ ಉಳಿಯನ್ನು ಬಡಿದಳು. ಲಚ್ಚಮ್ಮ ಕೊಡ ಎತ್ತಿಕೊಂಡು ಹೋದ ಮೇಲೂ ಬಡಿಯುತ್ತಲೇ ಇದ್ದಳು.

ಈ ದೋಣಿ ಇಲ್ಲಿಗೆ ಬಂದದ್ದು ದೊಡ್ಡ ಕತೆ. ಮಂಜೀರಾ ನದಿಗೆ ಅಡ್ಡಲಾಗಿ ಸರ್ಕಾರ ಕಟ್ಟೆ ಕಟ್ಟಿದಾಗ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಸಿಂಗನಾಳವೂ ಒಂದು. ಊರಿನ ಹಿಂದಿದ್ದ ಗುಡ್ಡದ ತುದಿ ಮಾತ್ರ ನೀರಿನ ಮೇಲೆ ಉಳಿಯಿತು. ಜನ ಎತ್ತರದ ನೆಲಕ್ಕೆ ಬಂದು ಹೊಸ ಸಿಂಗನಾಳ ಕಟ್ಟಿಕೊಂಡರು. ನೀರು ನೋಡಿಕೊಳ್ಳಲು ಬಂದ ಇಂಜಿನಿಯರ್ ಸಾಹೇಬರಿಗೆ ದಂಡೆಯ ಮೇಲೊಂದು ಬಂಗಲೆಯಾಯಿತು. ಸಾಹೇಬರ ಹೆಂಡತಿ ಸಾಬಿರಾ ಬೇಗಂ ಬೊಂಬಾಯಿಯವರು. ಬಂದರಿನಲ್ಲಿ ನೌಕರಿಯಲ್ಲಿದ್ದ ಅವರ ತಂದೆಗೆ ಗಂಡು ಮಕ್ಕಳಿರಲಿಲ್ಲ. ಮಗಳನ್ನೇ ಚಿಕ್ಕಂದಿನಿಂದ ಹಾಯಿದೋಣಿಯಲ್ಲಿ ಕೂರಿಸಿಕೊಂಡು ಸಮುದ್ರಕ್ಕೆ ಹೋಗುತ್ತಿದ್ದರಂತೆ. ಅವರು ತೀರಿಕೊಂಡಾಗ ಮಗಳ ಪಾಲಿಗೆ ಉಳಿದದ್ದು ಆ ದೋಣಿ. ರೈಲಿನಲ್ಲಿ ಜಹೀರಾಬಾದಿನವರೆಗೆ ಬಂದು, ಅಲ್ಲಿಂದ ಎರಡು ಬಂಡಿಗಳನ್ನು ಹಿಂದುಮುಂದೆ ಕಟ್ಟಿಸಿಕೊಂಡು ಅದು ಸಿಂಗನಾಳಕ್ಕೆ ಬಂದಾಗ ಹಳ್ಳಿಹಳ್ಳಿಯ ಮಂದಿ ದಾರಿಯುದ್ದ ನಿಂತು ನೋಡಿದ್ದರು.

ದೋಣಿ ಬಂತು, ನಡೆಸಲು ಜನ ಬೇಕಲ್ಲ? ಬೇಗಂಸಾಬ್ ಪರದೆಯವರು. ಅವರು ಕೂತ ದೋಣಿಯಲ್ಲಿ ಗಂಡಸು ಕೂರುವ ಹಾಗಿಲ್ಲ. ಹಾಗಾಗಿ ಅವರು ಊರಿನ ಹೆಂಗಸರಿಗೆ ಹೇಳಿಕಳಿಸಿ ಕೇಳಿದರು, "ಗಾಳಿಯ ಗುರುತು ಬಲ್ಲವರು ಯಾರಿದ್ದಾರೆ?"

ಎಲ್ಲರೂ ಈಶಮ್ಮನ ಕಡೆ ಬೆರಳು ತೋರಿಸಿದರು. ಸಿಂಗನಾಳದ ಗಂಡಸರು ಕುರಿ ಹೊಡೆದುಕೊಂಡು ಯಾಲಾಲ್, ತಾಂಡೂರಿನ ಕಡೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಜೋಳದ ರಾಶಿ ತೂರುವುದು ಹೆಂಗಸರ ಪಾಲಿಗೇ ಬಂದಿತ್ತು. ಕಣದಲ್ಲಿ ಏಣಿಯಂಥ ಮಂಚದ ಮೇಲೆ ನಿಂತು ಮೊರ ಎತ್ತಿ ಹಿಡಿದರೆ, ಗಾಳಿ ಯಾವ ಕಡೆಯಿಂದ, ಎಷ್ಟು ಬಿರುಸಾಗಿ, ಎಷ್ಟು ಹೊತ್ತು ಎಂಬುದು ಈಶಮ್ಮನ ಕಿವಿಯ ಹಿಂದಿನ ಚರ್ಮಕ್ಕೆ ಮೊದಲೇ ತಿಳಿಯುತ್ತಿತ್ತು. ಅವಳು "ಬಂತವ್ವಾ" ಎಂದರೆ ಮುಗಿಯಿತು, ಕೆಳಗಿದ್ದವರು ಬುಟ್ಟಿ ತುಂಬಿ ಕೊಡಲು ಓಡಬೇಕು.

ಹೀಗೆ ಮಂದಿಯ ಬಾಯಲ್ಲಿ ಅದು 'ಬುರ್ಖಾದ ದೋಣಿ' ಆಯಿತು. ಹಿಂದಿನ ಹಲಗೆಯ ಮೇಲೆ ಚುಕ್ಕಾಣಿ ಹಿಡಿದು ಬೇಗಂಸಾಬ್, ನಡುವಿನ ಹಲಗೆಯ ಮೇಲೆ ಹಾಯಿಯ ಹಗ್ಗ ಹಿಡಿದು ಈಶಮ್ಮ, ಮುಂದಿನ ಮೂರನೆಯ ಹಲಗೆಯ ಮೇಲೆ ಸಿಡಿದ ನೀರನ್ನು ತಂಬಿಗೆಯಲ್ಲಿ ಮೊಗೆದು ಹೊರಗೆ ಚೆಲ್ಲಲು ಭೂದೇವಿ. ಭೂದೇವಿ ಈಶಮ್ಮನ ನೆಗೆಣ್ಣಿ ಸಾಯಮ್ಮನ ಮಗಳು, ಹದಿನಾರರ ಹುಡುಗಿ. ದೋಣಿ ನೆಟ್ಟಗೆ ನಿಲ್ಲಲು ತಳದಲ್ಲಿ ಭಾರ ಬೇಕು. ಬಂಗಲೆಯ ವರಾಂಡಕ್ಕೆ ತಾಂಡೂರಿನಿಂದ ತರಿಸಿದ ಫರಸಿ ಕಲ್ಲುಗಳಲ್ಲಿ ಮಿಕ್ಕವನ್ನು ಹಲಗೆಗಳ ಕೆಳಗೆ ಹಾಸಿದರು. "ನಮ್ಮ ಮನ್ಯಾಗ ಸಗಣಿ ನೆಲ, ದೋಣ್ಯಾಗ ಫರಸಿ ನೆಲ" ಎಂದು ಭೂದೇವಿ ನಗುತ್ತಿದ್ದಳು.

ಪ್ರತಿ ವರ್ಷ ರಾಶಿಗಳು ಮುಗಿಯುವ ಹೊತ್ತಿಗೆ ಸಾಹೇಬರ ಕ್ಲಬ್ಬಿನವರು ಹಾಯಿದೋಣಿಗಳ ಪಂದ್ಯ ಇಡುತ್ತಿದ್ದರು. ದೋಣಿ ಕಟ್ಟುವ ಘಾಟಿನಿಂದ ಹೊರಟು ಹಳೇ ಸಿಂಗನಾಳದ ಗುಡ್ಡ ಸುತ್ತಿಕೊಂಡು ತಿರುಗಿ ಬರಬೇಕು. ಮೊದಲ ವರ್ಷ ಬುರ್ಖಾದ ದೋಣಿ ಕೊನೆಗೆ ಬಂತು, ಎರಡನೆಯ ವರ್ಷ ಮೂರನೆಯದಾಗಿ. ಕಳೆದ ವರ್ಷ ಗುಡ್ಡದ ಹತ್ತಿರ ಹೋಗುವವರೆಗೂ ಅದೇ ಎಲ್ಲಕ್ಕಿಂತ ಮುಂದಿತ್ತು.

ಗುಡ್ಡದ ಮರೆಗೆ ಹೋದ ಕೂಡಲೇ ಗಾಳಿ ಸತ್ತುಹೋಯಿತು. ಹಾಯಿ ಒಗೆದು ಹರವಿದ ಸೀರೆಯಂತೆ ಜೋತುಬಿತ್ತು. ಹಿಂದಿನ ದೋಣಿಗಳು ಮೆಲ್ಲಗೆ ಹತ್ತಿರವಾಗತೊಡಗಿದವು. "ದೊಡ್ಡವ್ವಾ, ಬರಾಕತ್ತಾರ, ಬರಾಕತ್ತಾರ!" ಎಂದು ಭೂದೇವಿ ಕುಣಿದಳು. ಗುಡ್ಡದ ಮೂಲೆ ದಾಟುತ್ತಿದ್ದ ಹಾಗೆ ಈಶಮ್ಮನ ಕಿವಿಯ ಹಿಂದೆ ತಣ್ಣಗಾಯಿತು. ನೀರಿನ ಮೇಲೆ ಕರಿ ಸುಕ್ಕೊಂದು ಓಡಿ ಬರುತ್ತಿತ್ತು.

ಗಾಳಿಯಿಲ್ಲದೆ ಅರ್ಧ ದಿನ ಕಾದ ಕಣಕ್ಕೆ ಅಂಥ ಗಾಳಿ ಬಂದರೆ ದೇವರೇ ಬಂದ ಹಾಗೆ. ಆಗ ಕೈ ನಿಲ್ಲಿಸಬಾರದು. ಚೇಳು ಕಡಿದರೂ ಕೈಯಲ್ಲಿದ್ದ ಮೊರ ಖಾಲಿ ಮಾಡಿಯೇ ಕೆಳಗಿಳಿಯಬೇಕು. ಈಶಮ್ಮ ಹತ್ತನೆಯ ವಯಸ್ಸಿನಿಂದ ಕಲಿತದ್ದು ಅದು. "ಬಂತವ್ವಾ!" ಎಂದು ಕೂಗಿದವಳೇ ಹಗ್ಗವನ್ನು ಎದೆಗೆಳೆದುಕೊಂಡಳು.

"ಛೋಡ್! ಈಶಮ್ಮಾ, ಹಗ್ಗ ಬಿಡು!" ಎಂದರು ಬೇಗಂಸಾಬ್. ಬಿರುಗಾಳಿ ಹೊಡೆದಾಗ ಹಗ್ಗ ಸಡಿಲ ಬಿಟ್ಟರೆ ಹಾಯಿ ಪಟಪಟನೆ ಬಡಿದುಕೊಂಡು ಗಾಳಿಯನ್ನು ಹೊರಗೆ ಚೆಲ್ಲುತ್ತದೆ, ದೋಣಿ ನೆಟ್ಟಗಾಗುತ್ತದೆ. ಅವರು ನೂರು ಸಲ ಕಲಿಸಿದ್ದ ಪಾಠ. ಅವರು ಎರಡು ಸಲ ಕೂಗಿದರು. ಎರಡು ಸಲವೂ ಈಶಮ್ಮನಿಗೆ ಕೇಳಿಸಿತು. ಆದರೆ ದೋಣಿ ಹಾರುತ್ತಿತ್ತು, ಸಾಹೇಬರ ದೋಣಿಗಳು ಹಿಂದೆ ಬೀಳುತ್ತಿದ್ದವು, ಕೈಗೆ ಬಂದ ಗಾಳಿಯನ್ನು ಚೆಲ್ಲಲು ಅವಳಿಗೆ ಮನಸ್ಸಾಗಲಿಲ್ಲ.

ದೋಣಿ ಒಂದು ಮಗ್ಗುಲಿಗೆ ಮಲಗಿತು. ಕಟ್ಟದೆ ಬರಿದೆ ಹಾಸಿದ್ದ ಫರಸಿ ಕಲ್ಲುಗಳು ಸರ್ರನೆ ಜಾರಿ ತಗ್ಗಿನ ಕಡೆ ಬಂದವು. ತಗ್ಗಿನಲ್ಲಿ ನೀರು ಮೊಗೆಯುತ್ತಿದ್ದವಳು ಭೂದೇವಿ. ಅವಳ ಸೀರೆಯ ಮೇಲೆ ಕಲ್ಲು ಬಿತ್ತು. ಕಲ್ಲಿನ ಜೊತೆ ಅವಳೂ ಅಂಚು ದಾಟಿ ನೀರಿಗೆ ಹೋದಳು.

ಈಶಮ್ಮ ಹಿಂದೆಯೇ ಹಾರಿ ಮೂರು ಸಲ ಮುಳುಗಿ ಹುಡುಕಿದಳು. ಮೂರನೆಯ ಸಲ ಸೆರಗು ಕೈಗೆ ಸಿಕ್ಕಿತು. ಎಳೆದಳು. ಹರಿದು ಬಂತು. ಮೇಲೆ ಬಂದಾಗ ಮುಷ್ಟಿಯಲ್ಲಿ ಗೇಣುದ್ದ ಬಟ್ಟೆಯಿತ್ತು.

ಹೆಣ ಮೂರನೆಯ ದಿನ ಸಿಕ್ಕಿತು. ಅದರ ಮರುದಿನ ಊರಿನ ಹಿರಿಯರು ಬಂಗಲೆಯ ಮುಂದೆ ಸೇರಿದರು. ಪರದೆಯ ಹಿಂದಿನಿಂದ ಬೇಗಂಸಾಬರ ದನಿ ಬಂತು, "ಚುಕ್ಕಾಣಿ ನನ್ನ ಕೈಯಾಗಿತ್ತು. ತಪ್ಪು ನಂದು." ಅಷ್ಟೇ. ಎಷ್ಟು ಕೇಳಿದರೂ ಅದರ ಮೇಲೆ ಒಂದು ಮಾತಿಲ್ಲ. ಬೇವಿನ ಮರದ ಕೆಳಗೆ ನಿಂತಿದ್ದ ಈಶಮ್ಮ, ಈಗ ನನ್ನ ಹೆಸರು ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದಳು. ಅವರು ಹೇಳಲಿಲ್ಲ. ಇವಳ ಬಾಯಿಯೂ ತೆರೆಯಲಿಲ್ಲ.

ಆಮೇಲೆ ಬಂಗಲೆಗೆ ಹಾಲು ಕೊಡುವವರು ಹಾಲು ನಿಲ್ಲಿಸಿದರು. ಬೇಗಂಸಾಬರ ಟಾಂಗಾ ಊರ ಮುಂದೆ ಹಾದರೆ ಹೆಂಗಸರು ಮಣ್ಣು ತೂರಿ ನೆಟಿಕೆ ಮುರಿಯುತ್ತಿದ್ದರು. ಎಂಟು ದಿನ ಬಿಟ್ಟು ಈಶಮ್ಮ ಹಿತ್ತಲಿನಿಂದ ಹೋಗಿ ಕಾಲು ಹಿಡಿದಾಗ ಅವರು ಅವಳನ್ನು ಎಬ್ಬಿಸಿ, "ನಕ್ಕೋ ಈಶಮ್ಮಾ, ಅಳಬ್ಯಾಡ. ನಮ್ಮ ಅಬ್ಬಾಜಾನ್ ಅಂತಿದ್ರು, ದೋಣ್ಯಾಗ ಏನೇ ಆಗ್ಲಿ, ಜವಾಬು ಚುಕ್ಕಾಣಿ ಹಿಡದವರದ್ದು. ಕಲ್ಲು ಕಟ್ಟದೆ ಬಿಟ್ಟಾಕಿ ನಾನು" ಎಂದಿದ್ದರು.

ಅದಕ್ಕಿಂತ ಭಾರವಾದದ್ದು ಮನೆಯಲ್ಲಿತ್ತು.

ಸಾಯಮ್ಮನ ಗಂಡ ಬಂಡೆಪ್ಪ, ಈಶಮ್ಮನ ಗಂಡ ಮಾಳಿಂಗಪ್ಪ ಅಣ್ಣತಮ್ಮಂದಿರು. ಮನೆ ಒಂದೇ, ಒಲೆ ಒಂದೇ. ಮಗಳು ಹೋದ ಮೇಲೆ ಸಾಯಮ್ಮ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಈಶಮ್ಮನನ್ನು ಕಂಡರೆ ಮಾತ್ರ ಅವಳ ಮುಖ ಮೆತ್ತಗಾಗುತ್ತಿತ್ತು. ಮೊದಲ ಬಿಸಿ ರೊಟ್ಟಿ ಈಶಮ್ಮನ ತಾಟಿಗೇ ಬೀಳಬೇಕು. ಆ ಗೇಣುದ್ದ ಬಟ್ಟೆಯನ್ನು ಸಾಯಮ್ಮ ತೊಳೆದು, ಮಡಿಚಿ, ದೇವರ ಜಗಲಿಯ ಮೇಲೆ ಇಟ್ಟಿದ್ದಳು.

"ಉಣ್ಣಕ್ಕಾ. ನೀ ಸೊರಗಿದ್ರ ನಾ ಯಾರ ಮಾರಿ ನೋಡ್ಲಿ?" ಎನ್ನುವಳು. "ಮೂರು ಸಲ ಮುಣಗಿದೆಂತ. ಹೆತ್ತಾಕಿ ನಾ ದಂಡಿ ಮ್ಯಾಲ ಕುಂತಿದ್ದೆ, ನನ್ನ ಕೂಸಿನ ಸಲುವಾಗಿ ನೀ ಮುಣಗಿದಿ. ಆ ಬುರ್ಖಾದಾಕಿ ಕೈ ಸೇದಿ ಹೋಗ್ಲಿ. ನಿನ್ನ ಕೈ ಬಂಗಾರದ್ದು."

ಬಂಗಾರದ ಕೈ ರೊಟ್ಟಿ ಮುರಿಯುತ್ತಿತ್ತು. ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೇಳಿಬಿಡಬೇಕು ಎಂದು ಈಶಮ್ಮ ದಿನಾ ಏಳುವಳು, ಹೇಳದೆ ಮಲಗುವಳು. ಹೇಳಿದರೆ ಈ ಮನೆಯಲ್ಲಿ ಅವಳನ್ನು ಅಕ್ಕಾ ಎಂದು ಕರೆಯುವ ಒಂದೇ ದನಿ ನಿಂತುಹೋಗುತ್ತದೆ. ಹೇಳದಿದ್ದರೆ ಆ ದನಿಯನ್ನು ಕೇಳಿಕೊಂಡು ಬದುಕಬೇಕು. ಹೀಗೇ ಒಂದು ವರ್ಷ ಕಳೆದುಹೋಯಿತು.

ಈ ವರ್ಷ ಪಂದ್ಯ ಗೊತ್ತಾದಾಗ ಇಂಜಿನಿಯರ್ ಸಾಹೇಬರು ಹೆಂಡತಿಗೆ ಖಡಾಖಂಡಿತವಾಗಿ ಹೇಳಿದರಂತೆ: ಒಂದು ಸಲ ಗುಡ್ಡ ಸುತ್ತಿ ಸುಸೂತ್ರವಾಗಿ ತಿರುಗಿ ಬಂದರೆ ದೋಣಿ ಇರಲಿ, ಇಲ್ಲವಾದರೆ ಒಡೆಸಿ ಒಲೆಗೆ ಹಾಕಿಸುತ್ತೇನೆ. ಬೇಗಂಸಾಬ್ ಹೇಳಿಕಳಿಸಿದರು. ಈಶಮ್ಮ ಎರಡು ಮಾತಾಡದೆ ಉಳಿ ಎತ್ತಿಕೊಂಡು ಬಂದಳು. ಅವಳಿಗೆ ಗೆಲ್ಲುವ ಆಸೆ ಇರಲಿಲ್ಲ. ಆ ಮೂಲೆಯಲ್ಲಿ, ಆ ಗಾಳಿಯಲ್ಲಿ, ಹಗ್ಗ ಹಿಡಿದ ತನ್ನ ಕೈ ತೆರೆಯುತ್ತದೋ ಇಲ್ಲವೋ ಒಮ್ಮೆ ನೋಡಬೇಕಿತ್ತು.

ಸಂದುಗಳೆಲ್ಲ ತುಂಬಿದವು. ಹರಿದ ಹಾಯಿಗೆ ನಾರಾಯಣಖೇಡದ ನೇಕಾರರಿಂದ ದಪ್ಪ ಬಟ್ಟೆ ತಂದು ತೇಪೆ ಹೊಲಿದದ್ದಾಯಿತು. ದೋಣಿಯನ್ನು ಮಗುಚಿ ನೆಟ್ಟಗೆ ಮಾಡಿ, ಕಲ್ಲು ಮತ್ತೆ ಹಾಸಿ, ಜಾರದಂತೆ ಅಡ್ಡಪಟ್ಟಿಗಳನ್ನು ಬಡಿದರು. ಹಿಂದಿನ ಎರಡು ಹಲಗೆಗಳ ಕೆಳಗೆ ಈಶಮ್ಮ ಒಂದೊಂದೇ ಕಲ್ಲನ್ನು ಅಲುಗಿಸಿ ನೋಡಿ ಬಿಗಿ ಮಾಡಿದಳು. ಮೂರನೆಯ ಹಲಗೆಯ ಹತ್ತಿರ ಮಾತ್ರ ಕಲ್ಲನ್ನು ಅಲುಗಿಸಿ ನೋಡಲಿಲ್ಲ. ಎರಡು ಏಟು ಬಡಿದಂತೆ ಮಾಡಿ ಎದ್ದುಬಿಟ್ಟಳು.

ಪಂದ್ಯದ ದಿನ ಬೆಳಿಗ್ಗೆ ಘಾಟಿನಲ್ಲಿ ಜನವೋ ಜನ. ಕ್ಲಬ್ಬಿನ ಮೂರು ದೋಣಿಗಳು ಬಣ್ಣ ಹಚ್ಚಿಕೊಂಡು ನಿಂತಿದ್ದವು. ಬುರ್ಖಾದ ದೋಣಿ ಆಚೆ, ಬಟ್ಟೆಯ ಕನಾತಿನ ಮರೆಯಲ್ಲಿ. ಮೂರನೆಯ ಹಲಗೆಗೆ ಯಾರೂ ಸಿಕ್ಕಿರಲಿಲ್ಲ. ಕೊನೆಗೆ ಬರುತ್ತೇನೆಂದಿದ್ದ ಮೋನಮ್ಮನನ್ನು ಅವಳ ಅತ್ತೆ ಕೋಣೆಯಲ್ಲಿ ಹಾಕಿ ಚಿಲಕ ಹಾಕಿದ್ದಳು.

"ಇಬ್ಬರೇ ಹೋಗೋಣು" ಎಂದರು ಬೇಗಂಸಾಬ್.

"ಮುಂದ ಭಾರ ಇಲ್ಲಂದ್ರ ಮೂತಿ ಎತ್ತತದರಿ ಅದು" ಎಂದಳು ಈಶಮ್ಮ.

"ನಾ ಕೂಡ್ತೀನಿ."

ಈಶಮ್ಮ ತಿರುಗಿ ನೋಡಿದಳು. ಕನಾತು ಸರಿಸಿ ಸಾಯಮ್ಮ ನಿಂತಿದ್ದಳು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದ್ದಳು.

"ಸಾಯವ್ವಾ, ನೀ ಬ್ಯಾಡ. ಮನೀಗಿ ನಡಿ."

"ಯಾಕ್ ಬ್ಯಾಡ? ನನ್ನ ಮಗಳು ಕುಂತಿರಲಿಲ್ಲೇನು? ಎಲ್ಲಿ ಕುಂತಿದ್ಳು ತೋರ್ಸು." ಅವಳು ಉತ್ತರಕ್ಕೆ ಕಾಯದೆ ನೀರಿಗಿಳಿದು ದೋಣಿ ಹತ್ತಿದಳು. ಬೇಗಂಸಾಬರ ಬುರ್ಖಾದ ಕಡೆ ಗದ್ದ ಎತ್ತಿ ಹೇಳಿದಳು, "ಬಂಗಲಿಗಿ ಹೋದ್ರ ಪರದೆ, ರಸ್ತಾದಾಗ ಬುರ್ಖಾ. ನೀರಿನ ನಡುವ ಇಕಿ ಮಾರಿ ತೆರಿತಾಳಂತ ನನ್ನ ಭೂದೇವಿ ಹೇಳ್ತಿದ್ಳು. ಆ ಮಾರಿ ನೋಡಿ ಒಂದು ಮಾತು ಕೇಳೋದದ ನಂದು."

ತೋಪು ಹಾರಿತು. ದೋಣಿಗಳು ಹೊರಟವು.

ದಂಡೆಯ ಜನ ಕಡ್ಡಿಗಳಷ್ಟಾದರು. ಗಾಳಿ ಹದವಾಗಿತ್ತು. ಬೇಗಂಸಾಬ್ ವಾಡಿಕೆಯಂತೆ ಮುಖದ ಮೇಲಿನ ಬಟ್ಟೆಯನ್ನು ಹಿಂದಕ್ಕೆ ಎಸೆದರು. ಸಾಯಮ್ಮ ದಿಟ್ಟಿಸಿದಳು. ಅವಳು ಎಂಥ ಮುಖ ನೆನೆಸಿಕೊಂಡಿದ್ದಳೋ; ಕಂಡದ್ದು ಕಣ್ಣ ಕೆಳಗೆ ಕಪ್ಪುಗಟ್ಟಿದ, ಕೆನ್ನೆ ಬತ್ತಿದ, ತನ್ನ ವಯಸ್ಸಿನದೇ ಒಂದು ಹೆಂಗಸಿನ ಮುಖ.

"ಕೇಳವ್ವಾ" ಎಂದರು ಬೇಗಂಸಾಬ್.

ಸಾಯಮ್ಮ ತಂಬಿಗೆಯನ್ನು ಮಡಿಲಲ್ಲಿ ಒತ್ತಿ ಹಿಡಿದಿದ್ದಳು. "ನನ್ನ ಮಗಳು ಕೂಗಿದ್ಳೇನು?"

"ಕೂಗಿದ್ಳು."

"ಏನಂತ?"

ಬೇಗಂಸಾಬ್ ಈಶಮ್ಮನ ಕಡೆ ನೋಡಲಿಲ್ಲ. "ದೊಡ್ಡವ್ವಾ ಅಂತ ಕೂಗಿದ್ಳು."

ಮುಂದೆ ಗುಡ್ಡ ದೊಡ್ಡದಾಗುತ್ತಿತ್ತು. ಅದರ ಮೇಲಿನ ಮುರುಕು ಗುಡಿ, ಗುಡಿಯ ಪಕ್ಕದ ಬನ್ನಿಗಿಡ ಕಾಣುತ್ತಿದ್ದವು. ಸಾಯಮ್ಮ ಮೂಗು ಒರೆಸಿಕೊಂಡಳು. "ನೀ ಯಾಕ ಕೊಂದಿ ಆಕೀನ? ನಿನಗ ನೀರಿನ ಇಲ್ಮು, ನೀರಿನ ವಿದ್ಯಾ ಗೊತ್ತಿತ್ತಂತಲ್ಲ. ಸಮುದ್ರ ನೋಡಿದಾಕಿ ಅಂತಲ್ಲ ನೀ. ಗಾಳಿ ಬಂದ್ರ ಏನ್ ಮಾಡಬೇಕಂತ ನಿನಗ ಗೊತ್ತಿರಲಿಲ್ಲೇನು?"

"ಚುಕ್ಕಾಣಿ ನನ್ನ ಕೈಯಾಗಿತ್ತು" ಎಂದು ಬೇಗಂಸಾಬ್ ಶುರುಮಾಡಿದರು. "ತಪ್ಪು..."

"ನಂದು" ಎಂದಳು ಈಶಮ್ಮ.

ಸಾಯಮ್ಮ ಇವಳ ಕಡೆ ತಿರುಗಿದಳು.

"ಈಶಮ್ಮಾ, ನಕ್ಕೋ" ಎಂದರು ಬೇಗಂಸಾಬ್.

"ಇರ್ಲಿ ಬಿಡ್ರಿ ಬೇಗಂಸಾಬ್ರ. ಒಂದು ವರ್ಷ ನೀವು ಹೊತ್ತೀರಿ." ಈಶಮ್ಮನ ಎರಡೂ ಕೈಗಳಲ್ಲಿ ಹಗ್ಗವಿತ್ತು; ಕಣ್ಣು ಒರೆಸಿಕೊಳ್ಳಲೂ ಕೈ ಇರಲಿಲ್ಲ. "ಸಾಯವ್ವಾ, ಹಗ್ಗ ನನ್ನ ಕೈಯಾಗಿತ್ತು. ಬಿಡು ಅಂದ್ರು. ಎರಡು ಸಲ ಅಂದ್ರು. ನನಗ ಕೇಳ್ಸಿತು. ನಾ ಬಿಡಲಿಲ್ಲ. ಗಾಳಿ ಬಂದಿತ್ತು, ಗೆಲ್ಲಾಕತ್ತಿದ್ವಿ. ನಾ ಬಿಡಲಿಲ್ಲ."

ದೋಣಿ ಗುಡ್ಡದ ಮರೆಗೆ ಬಂತು. ಗಾಳಿ ನಿಂತಿತು, ಹಾಯಿ ಜೋತುಬಿತ್ತು. ಕ್ಲಬ್ಬಿನ ಒಂದು ದೋಣಿ ಆಗಲೇ ಮೂಲೆ ದಾಟಿತ್ತು. ಉಳಿದೆರಡು ಸ್ವಲ್ಪ ದೂರದಲ್ಲಿ ತಾವೂ ಗಾಳಿಗೆ ಕಾದು ನಿಂತಿದ್ದವು. ಅಲ್ಲಿನ ಗಂಡಸರ ನಗು ನೀರಿನ ಮೇಲೆ ಜಾರಿ ಬಂತು. ಬೇಗಂಸಾಬ್ ಮುಖದ ಮೇಲೆ ಬಟ್ಟೆ ಇಳಿಸಿಕೊಂಡರು. ಇದೇ ನೀರಿನ ಅಡಿಯಲ್ಲಿ ಸಿಂಗನಾಳದ ಕಣಗಳಿದ್ದವು. ಈಶಮ್ಮ ಮೊರ ಎತ್ತಲು ಕಲಿತ ಕಣವೂ ಅಲ್ಲೇ ಎಲ್ಲೋ ಇತ್ತು.

"ಒಂದು ವರ್ಷ" ಎಂದಳು ಸಾಯಮ್ಮ ಕೊನೆಗೆ. "ಒಂದು ವರ್ಷ ನನ್ನ ಕೈ ರೊಟ್ಟಿ ತಿಂದೀ ನೀ."

"ತಿಂದೀನಿ."

"ನಾ ಬಡಿಸಿದೆ. ನಿನ್ನ ಕೈಗಿ ಬಂಗಾರದ್ದು ಅಂದೆ."

ದೋಣಿ ತೇಲುತ್ತ ತೇಲುತ್ತ ಗುಡ್ಡದ ಮೂಲೆಗೆ ಬಂತು. ಈಶಮ್ಮನ ಕಿವಿಯ ಹಿಂದೆ ತಣ್ಣಗಾಯಿತು. ಕಣ್ಣೆತ್ತಿದಳು. ನೀರಿನ ಮೇಲೆ ಅದೇ ಕರಿ ಸುಕ್ಕು, ಓಡುತ್ತ ಬರುತ್ತಿತ್ತು.

"ಬರಾಕತ್ತದ್ರಿ" ಎಂದಳು. ಕೂಗಲಿಲ್ಲ.

ಹಾಯಿ ಢಬ್ಬೆಂದು ಉಬ್ಬಿತು. ದೋಣಿ ಮಗ್ಗುಲಾಯಿತು. ಮೂರನೆಯ ಹಲಗೆಯ ತಗ್ಗಿನ ಕಡೆ ಸಾಯಮ್ಮ ಕೂತಿದ್ದಳು. ನೀರು ಅವಳ ಮೊಣಕೈಯವರೆಗೆ ಬಂತು. ಅವಳ ಕಾಲ ಕೆಳಗೆ ಒಂದು ಕಲ್ಲು ಗರ್ರೆಂದು ಸರಿಯಿತು. ಅವಳು ಹಲಗೆಯನ್ನು ಅವಚಿ ಹಿಡಿದು ಈಶಮ್ಮನ ಕೈಗಳನ್ನೇ ನೋಡುತ್ತಿದ್ದಳು.

"ಛೋಡ್" ಎಂದರು ಬೇಗಂಸಾಬ್, ಮೆಲ್ಲಗೆ.

ಕೈ ಒಂದು ಗಳಿಗೆ ಬಿಗಿದುಕೊಂಡಿತು. ಮೂವತ್ತು ವರ್ಷ ಗಾಳಿಯನ್ನು ಬಿಡದೆ ಹಿಡಿದ ಕೈ. ಈಶಮ್ಮ ಬೆರಳುಗಳನ್ನು ತೆರೆದಳು. ಹಗ್ಗ ಅಂಗೈ ಸುಡುತ್ತ ಓಡಿತು. ಹಾಯಿ ಪಟಪಟನೆ ಬಡಿದುಕೊಂಡಿತು, ದೋಣಿ ತಲೆ ಕೊಡವಿದ ಎತ್ತಿನಂತೆ ಒಮ್ಮೆ ಅದುರಿ ನೆಟ್ಟಗೆ ನಿಂತಿತು. ಗಾಳಿ ಅವರ ತಲೆಯ ಮೇಲೆ ಹಾದು ಹೋಯಿತು. ಕ್ಲಬ್ಬಿನ ಎರಡೂ ದೋಣಿಗಳು ಅದೇ ಗಾಳಿ ಹಿಡಿದು ಇವರನ್ನು ದಾಟಿಕೊಂಡು ಹೋದವು.

ಸಾಯಮ್ಮ ಬಡಿದುಕೊಳ್ಳುತ್ತಿದ್ದ ಹಾಯಿಯನ್ನು ನೋಡಿದಳು, ಕೆಳಗೆ ಸುರುಳಿಯಾಗಿ ಬಿದ್ದ ಹಗ್ಗವನ್ನು ನೋಡಿದಳು.

"ಇಷ್ಟೇ ಏನು?" ಎಂದಳು.

"ಇಷ್ಟೇ" ಎಂದಳು ಈಶಮ್ಮ.

ಆಮೇಲೆ ಘಾಟು ಮುಟ್ಟುವವರೆಗೆ ಸಾಯಮ್ಮ ಸಿಡಿದ ನೀರನ್ನು ಮೊಗೆಮೊಗೆದು ಚೆಲ್ಲಿದಳು, ತಳ ಒಣಗಿದ ಮೇಲೂ ತಂಬಿಗೆಯನ್ನು ಕಲ್ಲಿಗೆ ಕೆರೆಯುತ್ತಲೇ ಇದ್ದಳು. ಬುರ್ಖಾದ ದೋಣಿ ಎಲ್ಲಕ್ಕಿಂತ ಕೊನೆಗೆ ಬಂತು. ದಂಡೆಯ ಮೇಲೆ ಯಾರೋ ಸೀಟಿ ಹೊಡೆದರು. ಲಚ್ಚಮ್ಮ ಒಬ್ಬಳು ನೀರಿಗೆ ಓಡಿ ಬಂದು ಮೂರೂ ಮಂದಿಯನ್ನು ಕಣ್ಣಿನಲ್ಲೇ ಎಣಿಸಿ, "ತಿರುಗಿ ಬಂದ್ರಲ್ಲವ್ವಾ, ಅಷ್ಟು ಸಾಕು" ಎಂದಳು. ಅವಳಿಗೆ ಅಂದು ಬೇರೆ ಮಾತು ಹೊಳೆಯಲಿಲ್ಲ.

ಅವತ್ತೇ ಸಂಜೆ ಸಾಯಮ್ಮ ಅಂಗಳದಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆ ಹಚ್ಚಿದಳು. ಈಶಮ್ಮ ತನ್ನ ಗಂಡನಿಗೂ ಬಂಡೆಪ್ಪನಿಗೂ, ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಇದ್ದದ್ದು ಇದ್ದ ಹಾಗೆ ಹೇಳಿದಳು. ಮಾಳಿಂಗಪ್ಪ ತಲೆ ಮೇಲೆತ್ತಲಿಲ್ಲ. ಬಂಡೆಪ್ಪ ಎದ್ದು ಕುರಿಹಟ್ಟಿಗೆ ಹೋದವನು ಎರಡು ದಿನ ಮನೆಗೆ ಬರಲಿಲ್ಲ. ಮಾತು ಊರಿಗೆ ಹಬ್ಬಿತು. ಬಾವಿಯ ಕಟ್ಟೆಯ ಮೇಲೆ ಈಶಮ್ಮ ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಸರಿಸಿಕೊಂಡರು. ಬಂಗಲೆಗೆ ಮಾತ್ರ ಹಾಲು ಮತ್ತೆ ಹೋಗತೊಡಗಿತು.

ದಿನಾ ಬೆಳಿಗ್ಗೆ ಸಾಯಮ್ಮ ತನ್ನ ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ಈಶಮ್ಮನಿಗೆ ಕೇಳುತ್ತಿತ್ತು. ಅವಳು ತನ್ನ ರೊಟ್ಟಿ ತಾನೇ ಸುಟ್ಟುಕೊಂಡು ತಿನ್ನುತ್ತಿದ್ದಳು. ವಿಚಿತ್ರವೆಂದರೆ ಈಗ ಅದು ಗಂಟಲಲ್ಲಿ ಇಳಿಯುತ್ತಿತ್ತು.

ಒಂದು ತಿಂಗಳು ಹೀಗೇ ಹೋಯಿತು. ಬೇಸಿಗೆ ಬಂತು, ನೀರು ಹಿಂದೆ ಸರಿಯಿತು. ದೋಣಿಯನ್ನು ದಂಡೆಗೆಳೆದು ಮಳೆಗಾಲದವರೆಗೆ ಮುಚ್ಚಿಡುವ ದಿನ ಈಶಮ್ಮ ಹಾಯಿ ಬಿಚ್ಚಿ ಮಡಿಚುತ್ತಿದ್ದಳು. ಬೇಗಂಸಾಬ್ ಬೇವಿನ ನೆರಳಲ್ಲಿ ಕೂತು ಚುಕ್ಕಾಣಿಯ ಹಿಡಿಗೆ ಎಣ್ಣೆ ಹಚ್ಚುತ್ತಿದ್ದರು. ದಂಡೆಯ ಮೇಲೆ ಹೆಜ್ಜೆ ಸದ್ದಾಯಿತು. ಸಾಯಮ್ಮ ಬರುತ್ತಿದ್ದಳು. ಹೆಗಲ ಮೇಲೆ ಹೊ‍ಸ ಉಣ್ಣೆಯ ಹುರಿ, ತೊಳೆಯದ ಉಣ್ಣೆಯದು, ಹೆಬ್ಬೆರಳಿನಷ್ಟು ದಪ್ಪ. ಅಷ್ಟು ಹೊಸೆಯಲು ಹತ್ತು ದಿನವಾದರೂ ಬೇಕು.

ಅವಳು ಈಶಮ್ಮನ ಕಡೆ ನೋಡಲಿಲ್ಲ. ನೆಟ್ಟಗೆ ದೋಣಿಯೊಳಗೆ ಇಳಿದು ಮೂರನೆಯ ಹಲಗೆಯ ಹತ್ತಿರ ಮಂಡಿಯೂರಿದಳು.

"ಇಲ್ಲಿ ಒಂದು ಕಲ್ಲು ಸಡಲ ಅದರಿ" ಎಂದಳು ಬೇಗಂಸಾಬರಿಗೆ. "ನಾ ಕುಂತಾಗ ಕಾಲ ಬುಡಕ ಸರೀತು. ಮುಂದ ಇಲ್ಲಿ ಯಾರರೆ ಮಕ್ಕಳು ಕೂಡ್ತಾವ."

ಹುರಿಯನ್ನು ಕಲ್ಲಿನ ಸುತ್ತ ಹಾಯಿಸಿ, ಅಡ್ಡಪಟ್ಟಿಗೆ ಎರಡು ಸುತ್ತು ತಂದಳು. ಕುರಿ ಕಟ್ಟುವ ಗಂಟು ಹಾಕಿದಳು. ಆದರೆ ಕಲ್ಲು ಭಾರ. ಎತ್ತಿ ಹಿಡಿಯದೆ ಹುರಿ ಅದರ ಕೆಳಗೆ ಎರಡನೆಯ ಸಲ ಹಾಯುವಂತಿರಲಿಲ್ಲ. ಎರಡು ಸಲ ಒಬ್ಬಳೇ ಎತ್ತಲು ನೋಡಿದಳು. ಬೆರಳು ಜಜ್ಜಿತು. ಬಾಯಲ್ಲಿಟ್ಟುಕೊಂಡು ಕೂತಳು.

ಈಶಮ್ಮ ಹಾಯಿಯನ್ನು ನೆಲಕ್ಕಿಟ್ಟು ಬಂದು, ಎದುರು ಮಂಡಿಯೂರಿ, ಕಲ್ಲಿನ ಅಂಚಿಗೆ ಎರಡೂ ಕೈ ಕೊಟ್ಟು ಎತ್ತಿ ಹಿಡಿದಳು. ಸಾಯಮ್ಮ ಹುರಿ ಹಾಯಿಸಿದಳು. ಬಿಗಿದಳು. ಇಬ್ಬರ ತಲೆಗಳೂ ಒಂದಕ್ಕೊಂದು ತಾಗುವಷ್ಟು ಹತ್ತಿರವಿದ್ದವು. ಇಬ್ಬರೂ ಕಲ್ಲನ್ನೇ ನೋಡುತ್ತಿದ್ದರು.

"ಇಳಸು" ಎಂದಳು ಸಾಯಮ್ಮ. ಅಕ್ಕಾ ಎನ್ನಲಿಲ್ಲ.

ಈಶಮ್ಮ ಇಳಿಸಿದಳು. ಸಾಯಮ್ಮ ಎದ್ದು ನಿಂತು ಆ ಕಲ್ಲನ್ನು ಅಂಗಾಲಿನಿಂದ ಒದ್ದು ನೋಡಿದಳು, ಇನ್ನೊಮ್ಮೆ ಒದ್ದಳು. ಅದು ಅಲುಗಲಿಲ್ಲ. ಮಿಕ್ಕ ಹುರಿಯನ್ನು ಹಲಗೆಯ ಮೇಲಿಟ್ಟು, ಸೆರಗು ಕೊಡವಿಕೊಂಡು ಊರಿನ ಕಡೆ ನಡೆದಳು.